ದಿಲ್ಷಾದ್ ಬೇಗಂ ಮನೆಯ ಕುವೈತ್ ಗೋಡೆ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಗೆರೆ ಇರುವ ಹಾಳೆಯಲ್ಲೂ ನನ್ನ ಸಾಲು ಇಳಿಜಾರಾಗುತ್ತದೆ, ಮಾತಿನ ಜೋಡಣೆಯೂ ಅಷ್ಟಕ್ಕಷ್ಟೆ. ಓದುವವರು ಸಹಿಸಿಕೊಳ್ಳಬೇಕು. ಇದು ನನ್ನ ಚಿಕ್ಕಮ್ಮ ಸುಧಾಳ ಕಥೆ. ಅವಳೂ ದಿಲ್ಷಾದ್ ಬೇಗಂ ಅವರೂ ಹೇಳಿದ್ದನ್ನು ಕೇಳಿ, ಒಮ್ಮೆ ಕರಡು ಮಾಡಿ, ಆಮೇಲೆ ಇಲ್ಲಿ ಇಳಿಸಿದ್ದೇನೆ. ಕಥೆಯೊಳಗೆ ಅವಳನ್ನು ಚಿಕ್ಕಮ್ಮ ಎನ್ನದೆ ಸುಧಾ ಎಂದೇ ಬರೆದಿದ್ದೇನೆ.

ದಾವಣಗೆರೆಯ ಯಾವ ಹಳೆಯ ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತಿದರೂ ತಿರುವಿನ ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಒಬ್ಬ ಗಣಪತಿ, ಒಬ್ಬ ಏಸು, ಒಂದು ಮೆಕ್ಕಾ ಸಾಲಾಗಿ ಕೂತಿರುತ್ತವೆ. ಎಲೆಅಡಿಕೆ, ಗುಟ್ಕಾ ಜಗಿಯುವವರು ಅಲ್ಲಿ ಉಗುಳದಿರಲಿ ಎಂದು ಕಟ್ಟಡದ ಮಾಲೀಕರು ಅಂಟಿಸುವ ಟೈಲ್ಸ್ ಅವು. ಅಂಗಡಿಯಲ್ಲಿ ಅಚ್ಚಿನವು ಸಿಗುತ್ತವೆ. ಕೈಯಲ್ಲಿ ಬರೆದದ್ದೇ ಬೇಕು ಎನ್ನುವವರು ವಿನೋಬನಗರಕ್ಕೆ ಬಂದು ಸುಧಾಳ ಮನೆ ಕೇಳುತ್ತಿದ್ದರು.

ಸುಧಾಳ ತವರು ಹರಿಹರ. ಮದುವೆಗೆ ಮುಂಚೆ ಅಲ್ಲಿ ಯೋಗರಾಜ್ ಅವರ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಹೋಟೆಲಿನ ಚಹಾ ಕಪ್ಪುಗಳ ಮೇಲೆ ಹೆಸರು ಬರೆದು ಸುಡುವ ಸಣ್ಣ ಭಟ್ಟಿ ಅದು. ಕಪ್ಪುಗಳು ಒಡೆಯದಂತೆ ಹುಲ್ಲು ಸುತ್ತುತ್ತಾ ಕೂತವಳು ನೋಡಿ ನೋಡಿಯೇ ಕುಂಚ ಹಿಡಿಯಲು ಕಲಿತಳು. ಈಗಲೂ ಬಿಳಿ ಟೈಲ್ಸ್ ಮೇಲೆ ಬಣ್ಣ ಹಚ್ಚಿ, ಗಂಡ ತಿಪ್ಪೇಶನ ಆಟೊದಲ್ಲಿಟ್ಟು ಹರಿಹರಕ್ಕೆ ಕಳಿಸಿದರೆ, ಯೋಗರಾಜ್ ಸುಟ್ಟು ಕೊಡುತ್ತಾರೆ. ಸುಟ್ಟ ಮೇಲೆ ಆ ಬಣ್ಣ ಉಜ್ಜಿದರೂ ಹೋಗುವುದಿಲ್ಲ.

ಗಣಪತಿಯ ಸೊಂಡಿಲ ಮೇಲಿನ ಚುಕ್ಕಿಗಳನ್ನೂ ಸುಧಾ ಒಂದೊಂದಾಗಿ ಇಡುತ್ತಿದ್ದಳು. ಆದರೆ ಆ ಚುಕ್ಕಿಗಳನ್ನು ಯಾರೂ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಯಿ ತುಂಬಿಕೊಂಡವನು ಮೂಲೆಗೆ ಬಗ್ಗುತ್ತಾನೆ, ದೇವರನ್ನು ಕಂಡು ಹಿಂದೆ ಸರಿಯುತ್ತಾನೆ, ಮುಂದಿನ ಮೂಲೆ ಹುಡುಕುತ್ತಾನೆ. ಚಿತ್ರ ಕಂಡದ್ದು ಅಷ್ಟೇ ಹೊತ್ತು.

ಕೆ.ಬಿ. ಬಡಾವಣೆಯ ಒಂದು ಮಳಿಗೆಯ ಮೆಟ್ಟಿಲಲ್ಲಿ ಇನ್ನಷ್ಟು ಟೈಲ್ಸ್ ಕೊಡಲು ಹೋದಾಗ ದಿಲ್ಷಾದ್ ಬೇಗಂ ಸಿಕ್ಕರು. ಅವರ ಮಗ ಇಮ್ರಾನ್ ಅಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವರು ಮೂಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದರು.

“ಈ ಮೆಕ್ಕಾ ನೀನಾ ಬರ್ದಿದ್ದು ಬೇಟಿ?”

“ಹೂಂರಿ.”

“ಭಾಳ ಚಂದ ಬರ್ದೀಯ. ಇಟ್ಟಿರೋ ಜಾಗ ಮಾತ್ರ ನೋಡು!”

“ಜಾಗ ನಂದಲ್ಲರಿ, ಮಾಲೀಕರದು.”

ದಿಲ್ಷಾದ್ ಬೇಗಂ ನಕ್ಕುಬಿಟ್ಟರು. “ನಮ್ಮ ಹೊಸ ಮನೀಗೆ ಒಂದು ಬರ್ದು ಕೊಡು. ಉಗುಳೋರಿಗಲ್ಲ, ನೋಡೋರಿಗೆ.”

ಅವರಿಗೆ ಬೇಕಾಗಿದ್ದು ಕುವೈತ್ ನಗರ. ಹದಿನಾಲ್ಕು ವರ್ಷ ಅಲ್ಲಿ ಒಂದು ಮನೆಯಲ್ಲಿ ಅಡುಗೆ ಮಾಡಿ, ಆ ದುಡಿಮೆಯಲ್ಲೇ ವಿನೋಬನಗರದಲ್ಲಿ ಈ ಮನೆ ಎಬ್ಬಿಸಿದ್ದರು. “ಆ ಊರು ನನಗೆ ಅನ್ನ ಕೊಟ್ಟೈತೆ. ಗೋಡೆ ಮೇಲೆ ಇರ್ಲಿ” ಅಂದರು. ಯಾರೋ ಡ್ರೋನ್ ಹಾರಿಸಿ ತೆಗೆದ ಫೋಟೊವನ್ನು ಇಮ್ರಾನ್ ತನ್ನ ಮೊಬೈಲಿನಲ್ಲಿ ತೋರಿಸಿದ. ಅವರು ಒಪ್ಪಲಿಲ್ಲ. “ಇದು ಹಕ್ಕಿ ನೋಡೋದು. ನಾನು ನೋಡಿದ್ದು ಅಡುಗೆಮನೆ ಕಿಟಕಿಯಿಂದ.” ಆ ಕಿಟಕಿಯ ಫೋಟೊ ಇದ್ದ ಹಳೆಯ ಫೋನು ಎಂದೋ ಕೆಟ್ಟುಹೋಗಿತ್ತು. ಹಾಗಾಗಿ ಅವರು ಬಾಯಲ್ಲಿ ಹೇಳಬೇಕು, ಸುಧಾ ಬರೆಯಬೇಕು. ಇನ್ನೊಂದು ಮಾತನ್ನೂ ಸೇರಿಸಿದರು. ಚಿತ್ರದಲ್ಲಿ ಮನುಷ್ಯರು ಬೇಡ, ಅವರಲ್ಲಿ ಆಗಿಬರುವುದಿಲ್ಲ. ಜೀವಮಾನವಿಡೀ ಮುಖ ಬರೆದ ಸುಧಾ ಈಗ ಒಂದು ಮುಖವೂ ಇಲ್ಲದ ಊರು ಬರೆಯಬೇಕಾಯಿತು. ಸಮುದ್ರವನ್ನಂತೂ ಅವಳು ಕಂಡೇ ಇರಲಿಲ್ಲ. ಕಂಡಿದ್ದು ಹರಿಹರದ ಸೇತುವೆಯ ಕೆಳಗಿನ ಹೊಳೆ.

ಎರಡು ತಿಂಗಳು ಬರೆದಳು. ಗಾಜಿನ ಎತ್ತರದ ಕಟ್ಟಡಗಳು, ದಂಡೆಯ ರಸ್ತೆ, ಕಟ್ಟಿಗೆಯ ದೋಣಿಗಳು, ಮಧ್ಯೆ ನೀಲಿ ಗೋಲಗಳನ್ನು ಚುಚ್ಚಿಕೊಂಡು ನಿಂತ ಗೋಪುರಗಳು. ಪಕ್ಕದ ಮನೆಯ ರಂಗವ್ವ ಬಾಗಿಲಲ್ಲೇ ನಿಂತು ನೋಡಿದಳು.

“ಕುವೈತು ಕುವೈತು ಅಂತ ಕುಣಿದು ಕಡೀಗೆ ಓವರ್‌ಹೆಡ್ ಟ್ಯಾಂಕ್ ಬರ್ದೀಯಲ್ಲೇ! ಇದನ್ನ ನೋಡಾಕೆ ಅಷ್ಟು ದೂರ ಹೋಗ್ಬೇಕಿತ್ತಾ?”

ದಿಲ್ಷಾದ್ ಬೇಗಂ ಅಲ್ಲೇ ಇದ್ದರು. “ನಿಜಾನೇ ರಂಗವ್ವ, ಅದರೊಳಗಿರೋದು ನೀರೇ! ಜೊತೆಗೆ ಹೋಟ್ಲು ಮಾಡ್ಯಾರೆ, ಅಷ್ಟೇ.”

ಭಟ್ಟಿಗೆ ಒಯ್ದಾಗ ಯೋಗರಾಜ್ ಕೂಡ ಬಿಡಲಿಲ್ಲ. “ಏನವ್ವ ಸುಧಾ, ದೇವರನ್ನ ಬಿಟ್ಟು ಕುವೈತಿಗೆ ಹೊಂಟೀಯಾ? ಪಾಸ್‌ಪೋರ್ಟ್ ಐತಾ?” ಹಾಗೆ ಅಂದರೂ ಹೊಗೆ ತಾಕದ ನಡುವಿನ ಅಂತಸ್ತಿನಲ್ಲಿ ಅವಳ ಟೈಲ್ಸ್ ಇಟ್ಟು ಸುಟ್ಟರು. ಒಂದೂ ಬಿರುಕು ಬಿಡಲಿಲ್ಲ.

ದೇವರ ಟೈಲ್ಸ್ ಒಂಟಿ. ಒಂದರಲ್ಲಿ ಒಬ್ಬ ದೇವರು ಮುಗಿಯಿತು. ಇದು ಹಾಗಲ್ಲ, ನಲವತ್ತಕ್ಕೂ ಹೆಚ್ಚು ಟೈಲ್ಸ್ ಬಿಲ್ಲೆಗಳು ಸೇರಿ ಒಂದು ಚಿತ್ರ. ಅದಕ್ಕೆ ಸುಧಾ, ಸುಟ್ಟು ಭಟ್ಟಿಯಿಂದ ಬಂದ ಪ್ರತಿ ಬಿಲ್ಲೆಯ ಬೆನ್ನಿಗೆ, ಮಗಳ ನೇರಳೆ ಸ್ಕೆಚ್ ಪೆನ್ನಿನಿಂದ ಚೊಕ್ಕವಾಗಿ ನಂಬರ್ ಹಾಕಿದಳು. ಶುಕ್ರವಾರ ನಮಾಜಿನ ನಂತರ ಹೊಸ ಮನೆಯ ಊಟ. ಬುಧವಾರ ಸಂಜೆ ಟೈಲ್ಸನ್ನು ಮೇಸ್ತ್ರಿ ಅಂಜಿನಪ್ಪನ ಕೈಗೆ ಕೊಟ್ಟು ಮನೆಗೆ ಬಂದಳು.

ಗುರುವಾರ ಬೆಳಗ್ಗೆ ಹೋದಾಗ ಅಂಜಿನಪ್ಪ ನೀರಿನ ಡ್ರಮ್ಮಿನ ಮುಂದೆ ನಿಂತಿದ್ದ. “ನಿನ್ನ ಸಮುದ್ರ ಬಣ್ಣ ಬಿಡ್ತಾ ಐತಲ್ಲವ್ವಾ!”

ಡ್ರಮ್ಮಿನ ನೀರು ನೇರಳೆಯಾಗಿತ್ತು. ಸುಧಾ ಕೈ ಹಾಕಿ ಒಂದು ಬಿಲ್ಲೆ ಎತ್ತಿದಳು. ಚಿತ್ರ ಹಾಗೇ ಇತ್ತು. ತಿರುಗಿಸಿದಳು. ಬೆನ್ನು ಬೋಳಾಗಿತ್ತು.

“ನೀರಾಗೆ ಯಾಕ ಹಾಕಿದ್ರಿ ಅಂಜಿನಪ್ಪಣ್ಣ?”

“ಹಾಕ್ದೇ ಇರ್ತಾರೇನು? ಗೋಡೆ ಟೈಲ್ಸಿಗೆ ರಾತ್ರಿಯೆಲ್ಲ ನೀರು ಕುಡಿಸಬೇಕು. ಇಲ್ಲಾಂದ್ರೆ ಸಿಮೆಂಟಿನ ನೀರೆಲ್ಲ ಹೀರಿ, ಆಮೇಲೆ ತಟ್ಟಿದ್ರೆ ಒಳಗೆ ಟೊಳ್ಳಾಗಿ ಡಬಡಬ ಅಂತೈತೆ.”

ತಪ್ಪು ಅವನದಲ್ಲ. ಅವನು ಮಾಡಿದ್ದು ಅವನ ಕೆಲಸ. ಒಂಟಿ ಟೈಲ್ಸ್ ಮಾಡಿಕೊಂಡು ಬಂದ ಸುಧಾಳಿಗೆ ಈ ಸಂಗತಿ ಹೊಳೆದಿರಲೇ ಇಲ್ಲ.

ಇಬ್ಬರೂ ಬಿಲ್ಲೆಗಳನ್ನು ನೆಲದ ಮೇಲೆ ಹರಡಿದರು. ಗೋಪುರ, ದೋಣಿ, ಕಟ್ಟಡಗಳು ಬೇಗ ಕೂಡಿಕೊಂಡವು. ಉಳಿದಿದ್ದು ಬರೀ ನೀಲಿ, ಅಲ್ಲಲ್ಲಿ ಹಸಿರು ಛಾಯೆ. ಅರ್ಧಕ್ಕಿಂತ ಹೆಚ್ಚು ಬಿಲ್ಲೆಗಳಲ್ಲಿ ನೀರು ಯಾವುದು, ಆಕಾಶ ಯಾವುದು ಎಂದೇ ತಿಳಿಯದು.

“ನೀಲಿಗೆ ನೀಲಿ. ಹಚ್ಚಿಬಿಡ್ಲಾ?” ಅಂದ ಅಂಜಿನಪ್ಪ. “ಇಲ್ಲಿ ಯಾರವ್ವ ಕುವೈತ್ ನೋಡ್ಯಾರೆ?”

ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸುಧಾ ಒಂದು ಗಳಿಗೆ ಹೂಂ ಅನ್ನುವವಳಿದ್ದಳು. ಮೆಟ್ಟಿಲ ಮೂಲೆಗಾಗಿದ್ದರೆ ಅಂದೇಬಿಡುತ್ತಿದ್ದಳು. ಆದರೆ ನೋಡುವುದಕ್ಕೆಂದೇ ಯಾರಾದರೂ ಅವಳ ಹತ್ತಿರ ಬರೆಸಿದ್ದು ಇದೊಂದೇ. ಇದು ಕೆಟ್ಟರೆ ಮತ್ತೆ ಉಗುಳುವವರ ಮೂಲೆಯೇ ಗತಿ. ನೋಡಬೇಕಾದವರೇ ನೋಡಿ ಇದು ನನ್ನ ಸಮುದ್ರ ಅಲ್ಲ ಅಂದರೆ?

“ತಡೀರಿ ಅಣ್ಣಾ. ಅವರಿಗೆ ಹೇಳಿ ಬರ್ತೀನಿ.”

ಎರಡು ಓಣಿ ಆಚೆಗಿನ ಬಾಡಿಗೆ ಮನೆಯಲ್ಲಿ ದಿಲ್ಷಾದ್ ಬೇಗಂ ಈರುಳ್ಳಿ ಹೆಚ್ಚುತ್ತಿದ್ದರು. ಸುಧಾ ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದಳು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದಳು.

“ಬಿಲ್ಲೆ ಒಡೆದಾವಾ?”

“ಇಲ್ಲರಿ.”

“ಮತ್ತೆ ಹೆದರೋದ್ಯಾಕೆ? ಇಮ್ರಾನ್, ಗಾಡಿ ತೆಗಿ.”

ಹೊಸ ಮನೆಯ ನೆಲದ ಮೇಲೆ ಅವರು ಸೆರಗು ಬಿಗಿದು ಕೂತರು. ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದರು. “ದಂಡೆ ಹತ್ರ ನೀರು ಹಸಿರು ಇರ್ತೈತೆ. ನಿನಗೆ ಹೇಳಿದ್ದೆನಲ್ಲ? ಮುಂದೆ ಹೋದಂಗೆ ನೀಲಿ. ಇನ್ನೂ ಮುಂದೆ ಮಸಿನೀಲಿ. ಆಮೇಲೆ ಬಿಳೀ ಧೂಳು, ಅದು ಆಕಾಶದ ಬುಡ. ಮೇಲಕ್ಕೆ ಮತ್ತೆ ನೀಲಿ.” ದಿನಾ ಪಾತ್ರೆ ತೊಳೆಯುತ್ತಾ ಕಂಡಿದ್ದು, ಅವರಿಗೆ ತಪ್ಪಲಿಲ್ಲ. ಸಾಲು ಯಾವುದೆಂದು ಅವರು ಹೇಳಿದರೆ, ಆ ಸಾಲಿನೊಳಗೆ ತನ್ನದೇ ಕುಂಚದ ಗೆರೆಗಳ ತುದಿ ಕೂಡಿಸುತ್ತಾ ಸುಧಾ ಬಿಲ್ಲೆ ಇಟ್ಟಳು.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಇಮ್ರಾನ್ ಕೇಳಿದ: “ಅಮ್ಮೀ, ಇದರಾಗೆ ನೀನು ಎಲ್ಲಿ?”

“ನಾನು ಈ ಕಡೆ, ಕಿಟಕಿ ಒಳಗೆ. ಶುಕ್ರವಾರ ರಜೆ, ಅವತ್ತು ಮಾತ್ರ ಇಲ್ಲಿ.” ದಂಡೆಯ ಒಂದು ಹಸಿರು ಬಿಲ್ಲೆಯ ಜಾಗ ತೋರಿಸಿದರು. “ಇಲ್ಲಿ ಕಲ್ಲಿನ ಮೇಲೆ ಕೂತು ಮನೀಗೆ ಫೋನ್ ಹಚ್ತಿದ್ದೆ. ನಿನ್ನ ಕರೀರಿ ಅಂದ್ರೆ, ಆಡಾಕೆ ಹೋಗ್ಯಾನೆ ಅಂತಿದ್ರು ನಮ್ಮ ಅತ್ತೆ, ನಿನ್ನ ದಾದಿ. ಅವರ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸ್ತಿತ್ತು.”

ಇಮ್ರಾನ್ ತಾಯಿಯ ಪಕ್ಕ ಕೆಳಗೆ ಕೂತ. ಆ ಬಿಲ್ಲೆಯನ್ನು ಹುಡುಕಿ, ಅಂಗಿಯ ತುದಿಯಿಂದ ನೀರು ಒರೆಸಿ, “ಇದು ಇಲ್ಲೇ ಬರ್ತೈತಲ್ಲ ಸುಧಕ್ಕಾ?” ಎಂದ. ಆಮೇಲೆ ಒಂದೊಂದು ಬಿಲ್ಲೆಗೂ ಇಲ್ಲೇನು, ಅಲ್ಲೇನು ಎಂದು ಕೇಳುತ್ತಲೇ ಹೋದ. ಅಂಗಡಿ ತೆರೆಯುವುದು ಆ ದಿನ ಅವನಿಗೆ ಮರೆತೇಹೋಯಿತು.

ಮಧ್ಯಾಹ್ನಕ್ಕೆ ಊರು ಕೂಡಿತು. ಈ ಸಲ ಸುಧಾ ಅಂಜಿನಪ್ಪನ ದಪ್ಪ ಪೆನ್ಸಿಲಿನಿಂದ ನಂಬರ್ ಬರೆದಳು. ದೀಪ ಹಚ್ಚುವ ಹೊತ್ತಿಗೆ ಅವನು ಗೋಡೆ ಮುಗಿಸಿದ. ಬಲಗಡೆ ಕೆಳಗಿನ ಮೂಲೆಯ ಒಂದು ಬಿಲ್ಲೆಯನ್ನು ಮಾತ್ರ ಹಚ್ಚದೆ ಬಿಟ್ಟ. ಹಾಗೆ ಬಿಡಲು ದಿಲ್ಷಾದ್ ಬೇಗಂ ಹೇಳಿದ್ದರು.

“ನಿನ್ನ ಹೆಸರು ಎಲ್ಲಿ ಬೇಟಿ? ಈ ಬಿಲ್ಲೆ ಮೇಲೆ ಬರ್ಕೊಂಡು ಬಾ.”

“ಹೆಸರು ನಾನು ಯಾವತ್ತೂ ಬರೆದಿಲ್ಲರಿ. ದೇವರ ಕೆಳಗೆ ಯಾರು ಹೆಸರು ಹಾಕ್ಕೋತಾರೆ?”

“ಇದು ದೇವರಲ್ಲ, ಊರು. ಬರಿ.”

ಶುಕ್ರವಾರ ಬಂದವರೆಲ್ಲ ಊಟಕ್ಕೆ ಮುಂಚೆ ಗೋಡೆಯ ಮುಂದೆ ನಿಂತರು. ಒಬ್ಬರು ಮುದುಕರು ಕನ್ನಡಕ ಏರಿಸಿ ದೋಣಿಯ ಹಗ್ಗವನ್ನು ಬೆರಳಿನಿಂದ ಹಿಂಬಾಲಿಸಿದರು. ಮಕ್ಕಳು ಗೋಪುರಕ್ಕೆ ಕೆನ್ನೆ ಒತ್ತಿ ತಂಪು ನೋಡಿದರು. ಬಂದವರಿಗೆಲ್ಲ ಇಮ್ರಾನೇ ಹೇಳುತ್ತಿದ್ದ: “ಇಲ್ಲಿ ಕೂತು ಅಮ್ಮಿ ಫೋನ್ ಮಾಡ್ತಿದ್ರು.” ಸುಧಾ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಚಿತ್ರ ನೋಡಲಿಲ್ಲ, ನೋಡುವವರನ್ನು ನೋಡಿದಳು. ದಿಲ್ಷಾದ್ ಬೇಗಂ ಅವರಿಗೂ, ಸುಟ್ಟುಕೊಟ್ಟ ಯೋಗರಾಜ್ ಅವರಿಗೂ, ನೀರು ಕುಡಿಸಿದ ಅಂಜಿನಪ್ಪನಿಗೂ ಕೂಡ ಮನಸ್ಸಿನಲ್ಲೇ ಕೈಮುಗಿದೆ ಎಂದು ಅವಳು ನನಗೆ ಹೇಳಿದಳು.

ಮೂಲೆಯಲ್ಲಿ ಹಚ್ಚದೆ ಬಿಟ್ಟ ಆ ಬಿಲ್ಲೆ ಈಗ ಚಿಕ್ಕಮ್ಮನ ಮನೆಯಲ್ಲಿದೆ. ಅವಳು ಅದರ ಮೇಲೆ ಹೆಸರು ಬರೆದು ಒಣಗಲು ಇಟ್ಟಿದ್ದಾಳೆ. ಸೋಮವಾರ ಅದನ್ನು ಸುಡಿಸಲು ಹರಿಹರಕ್ಕೆ ಹೋಗುತ್ತಾಳೆ, ಅವಳ ಜೊತೆ ನಾನೂ ಹೋಗುತ್ತೇನೆ.