ಅಕ್ಕನ ಕೈನಡುಕಕ್ಕೊಂದು ಸಿದ್ಧಾಂತ

ಹೆಂಡತಿ ಅಡುಗೆಮನೆಯಿಂದ ‘ಊಟಕ್ಕ ಬರ್ರಿ’ ಎಂದು ದಿನವೂ ಒಂದೇ ದನಿಯಲ್ಲಿ ಕೂಗಿದರೂ ನಾನು ಒಮ್ಮೆ ಮೊದಲ ಕೂಗಿಗೇ ತಟ್ಟೆಯ ಮುಂದೆ ಪ್ರತ್ಯಕ್ಷನಾಗುತ್ತೇನೆ, ಇನ್ನೊಮ್ಮೆ ನಾಲ್ಕನೆಯ ಕೂಗಿಗೂ ಅಲುಗುವುದಿಲ್ಲ. ಅವಳು ಇದನ್ನು ಸೊಕ್ಕು ಎನ್ನುತ್ತಾಳೆ. ವಿದ್ಯಾಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ನರಕೋಶದ ಗದ್ದಲ ಎನ್ನುತ್ತೇನೆ. ಪ್ರಚೋದನೆ ಒಂದೇ ಇದ್ದರೂ ನರಕೋಶ ಪ್ರತಿಸಲ ಒಂದೇ ಬಗೆಯಲ್ಲಿ ಓಗೊಡುವುದಿಲ್ಲ ಎಂಬುದು ನಿಮಗೂ ನಿಮ್ಮ ಮನೆಯಲ್ಲೇ ಅನುಭವಕ್ಕೆ ಬಂದಿರಬೇಕು.

ಈ ಚಂಚಲತೆಯನ್ನು ಅಳೆಯಲು ಕ್ವಾಂಟಮ್ ಗಣಿತವನ್ನು ಕಡ ತಂದು ನಾನೊಂದು ಮಾದರಿ ಕಟ್ಟಿದೆ. ತಲೆಯೊಳಗೆ ಕ್ವಾಂಟಮ್ ಇದೆಯೆಂದಲ್ಲ, ಗಣಿತವಷ್ಟೇ ಅದರಂಥದ್ದು. ಇಳಕಲ್ಲಿನಲ್ಲಿ ಕೈಮಗ್ಗದ ಸೀರೆ ನೇಯುವ ನನ್ನ ಅಕ್ಕನಿಗೆ ಇದನ್ನು ವಿವರಿಸಿದಾಗ, ‘ಅಂಥಾದ್ದು ಅಂದ್ರ ಮಷೀನಿನ್ಯಾಗ ನೇಯ್ದು ಇಳಕಲ್ ಸೀರಿ ಅಂತ ಮಾರ್ತಾರಲ್ಲ, ಹಂಗೇನೋ?’ ಎಂದು ಕೇಳಿದಳು. ಪಂಡಿತರ ಸಭೆಗಳಲ್ಲೂ ಇಷ್ಟು ಹರಿತವಾದ ಪ್ರಶ್ನೆ ನನಗೆ ಎದುರಾಗಿಲ್ಲ. ಅಲ್ಲಿ ಅರ್ಥವಾಗದವರೇ ಮೊದಲು ಚಪ್ಪಾಳೆ ತಟ್ಟುತ್ತಾರೆ.

ನನ್ನ ಮಾದರಿಗೆ ಅಂಕಿಅಂಶ ಬೇಕಿತ್ತು. ಅಕ್ಕನ ಬಲಗೈ ನಡುಗತೊಡಗಿತ್ತು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದರಲ್ಲಿ ಓಣಿಯೇ ಮೆಚ್ಚಿದ ಬೆರಳುಗಳು ಈಗ ಎಳೆ ತಪ್ಪುತ್ತಿದ್ದವು. ‘ಅಂಜಬ್ಯಾಡ, ನಾ ನೋಡ್ತೇನಿ’ ಎಂದೆ. ನೋಡಿದೆ ಕೂಡ: ಪ್ರತಿ ರವಿವಾರ ಹುನಗುಂದದ ಮೇಲೆ ಹಾಯುವ ಬಸ್ಸು ಹಿಡಿದು ಹೋಗಿ, ಅವಳು ಕೊಂಡಿ ಹಾಕುವುದನ್ನು ಮೊಬೈಲಿನಲ್ಲಿ ಸೆರೆಹಿಡಿದು, ನಡುಕ ಹೆಚ್ಚಾದ ವಾರ ಗ್ರಾಫು ಸೊಗಸಾಗಿ ಬಂತೆಂದು ಹಿಗ್ಗಿದೆ. ದವಾಖಾನೆಗೆ ಹೋಗೆಂದ ನೆರೆಯವರಿಗೆ ಆಕೆ, ‘ಯಾಕ್ರೀ, ನಮ್ಮ ತಮ್ಮ ನೋಡಾಕತ್ತಾನಲ್ಲ’ ಎಂದದ್ದನ್ನು ನನ್ನ ಕಿವಿಯಾರೆ ಕೇಳಿ, ಸಂಶೋಧನೆಗೆ ಸಂದ ಗೌರವವೆಂದು ಉಬ್ಬಿಹೋದೆ.

ಪ್ರಬಂಧ ಪ್ರಕಟಣೆಗೆ ಒಪ್ಪಿಗೆಯಾದ ದಿನ ಪೇಢೆ ಕಟ್ಟಿಸಿಕೊಂಡು ಅಕ್ಕನ ಮನೆಗೆ ಓಡಿದೆ. ಮಗ್ಗದ ಮೇಲೆ ಹಳೆಯ ಚಾದರ ಹೊದಿಸಿತ್ತು. ಕೊಂಡಿ ಹಾಕಲಾಗದೆ ನಾಲ್ಕು ದಿನದಿಂದ ನೇಯ್ಗೆ ನಿಂತಿತ್ತು. ನನ್ನ ಕೆಲಸ ಮುಗಿಯಿತೆಂದು ಹೇಳಿದ್ದೇ ತಡ, ಅವಳ ಮುಖ ಅರಳಿತು.

‘ಇಷ್ಟ ತಿಂಗಳ ನೋಡಿದಿ, ಎಲ್ಲಾ ಗೊತ್ತಾತಲ್ಲ. ಇನ್ನ ಗುಳಿಗಿ ಕೊಡಪಾ’ ಎಂದು ಆ ಬಲಗೈಯನ್ನೇ ಚಾಚಿದಳು.

ಬೇರೇನೂ ತಂದಿರಲಿಲ್ಲವಾದ್ದರಿಂದ ಅಂಗೈಯಲ್ಲಿ ಪೇಢೆ ಇಟ್ಟೆ. ಅದನ್ನು ಬಾಯಿಗೊಯ್ಯಲು ಅವಳು ಎಡಗೈಯಿಂದ ಬಲಗೈಯನ್ನು ಹಿಡಿದುಕೊಳ್ಳಬೇಕಾಯಿತು.