ಬಾಲದ ನಕ್ಷತ್ರ ಮತ್ತು ಟೀಚರ ರೀಲು

ನಾನು ಓದಿದ್ದು ಮೂರನೆಯ ಕ್ಲಾಸು. ಕಾರ್ಕಳದ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವುದು, ಗಾಜು ಒರೆಸುವುದು, ಫೋಟೋಗಳನ್ನು ಲಕೋಟೆಗೆ ತುಂಬುವುದು ನನ್ನ ಕೆಲಸ. ಯಾರೋ ರಿಪೇರಿಗೆ ಕೊಟ್ಟು ಮತ್ತೆ ಈ ಕಡೆ ತಲೆ ಹಾಕದ ಹಳೆಯ ಕ್ಯಾಮೆರಾವೊಂದನ್ನು ಧಣಿ ನನಗೆ ಕೊಟ್ಟರು. ಗಂಡ ತೀರಿಹೋಗಿದ್ದ, ಸಂಜೆಯ ಹೊತ್ತು ಖಾಲಿ. ಕುಕ್ಕುಂದೂರಿನ ನಮ್ಮ ಮನೆಯ ಹಿಂದಿನ ಪಾದೆಕಲ್ಲು ಹತ್ತಿ ನಕ್ಷತ್ರಗಳ ಚಿತ್ರ ತೆಗೆಯತೊಡಗಿದೆ. ಇವಳಿಗೆ ಮಂಡೆ ಸರಿಯಿಲ್ಲ ಎಂದರು ಜನ. ಹೇಳಿಕೊಳ್ಳಲಿ.

ಮೊದಲ ರೀಲು ಉಡುಪಿಯ ಲ್ಯಾಬಿನಿಂದ ಹಾಳಾಗಿ ಬಂತು. ರಾತ್ರಿಯ ನೆಗೆಟಿವ್ ನೋಡಲು ಖಾಲಿ ರೀಲಿನ ಹಾಗೆಯೇ ಇರುತ್ತದೆ. ಒಂದು ಚಿತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ತೊಳೆದ ರೀಲನ್ನು ಲಕೋಟೆಗೆ ಹಿಡಿಸುವಂತೆ ತುಂಡು ಮಾಡುವವನು ಅಂದಾಜಿಗೆ ಕತ್ತರಿ ಹಾಕಿದ್ದ, ನನ್ನ ಒಳ್ಳೆಯ ಚಿತ್ರವೇ ನಡುವಿಗೆ ತುಂಡಾಗಿತ್ತು.

ಧಣಿ ನಕ್ಕರು. "ಮಾರಾಯ್ತಿ, ರೀಲಿನಲ್ಲಿ ಮೊದಲು ಹಗಲಿನ ಒಂದು ಚಿತ್ರ ತೆಗಿ. ಅದರ ಅಂಚು ಹಿಡಿದು ಉಳಿದದ್ದನ್ನು ಅಳೆದು ಕತ್ತರಿಸ್ತಾರೆ."

ಆಮೇಲೆ ನಾನು ಹಾಗೆಯೇ ಮಾಡಿದೆ. ಆರು ವರ್ಷ ಮಾಡಿದೆ.

ಅಷ್ಟರಲ್ಲಿ ಪಕ್ಕದ ಬಾಡಿಗೆ ಮನೆಗೆ ಹುಬ್ಬಳ್ಳಿ ಕಡೆಯ ಟೀಚರೊಬ್ಬಳು ಬಂದಳು. ಪ್ರಾಯದವಳು, ಒಳ್ಳೆಯ ಮಾತಿನವಳು. ಅವಳ ಹತ್ತಿರವೂ ಕ್ಯಾಮೆರಾ ಇತ್ತು, ಹೊಸದು. ಬೆಳ್ಮಣ್ಣಿನಲ್ಲಿ ನಾಟಿಗೆ ನೀರು ಕಟ್ಟಿದ ಗದ್ದೆಯಲ್ಲಿ ಸಂಜೆಯ ಆಕಾಶ ಪೂರ್ತಿ ಕಾಣುವ ಜಾಗವೊಂದಿತ್ತು. ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ತಿಂಗಳೊಳಗೆ ಅವಳ ಆ ಗದ್ದೆಯ ಫೋಟೋವನ್ನು ಧಣಿ ದೊಡ್ಡದು ಮಾಡಿ ಸ್ಟುಡಿಯೋದ ಗಾಜಿನ ಹಿಂದೆ ಇಟ್ಟರು. ಆ ಗಾಜನ್ನು ದಿನಾ ಒರೆಸಬೇಕಾದವಳು ನಾನು. ನನ್ನ ಒಂದು ಚಿತ್ರವನ್ನೂ ಅವರು ಅಲ್ಲಿ ಇಟ್ಟವರಲ್ಲ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ತೊಂಬತ್ತೇಳರ ಬೇಸಿಗೆಯಲ್ಲಿ ಬಾಲದ ನಕ್ಷತ್ರ ಬಂತು. ಸೂರ್ಯ ಮುಳುಗಿದ ಮೇಲೆ ಸಮುದ್ರದ ಮೇಲೆ ಬರಿಗಣ್ಣಿಗೇ ಕಾಣುತ್ತಿತ್ತು. ಒಮ್ಮೆ ಹೋದರೆ ನಾವು ಬದುಕಿರುವಾಗ ಮತ್ತೆ ಬರುವಂಥದ್ದಲ್ಲ ಎಂದು ಟೀಚರು ಪುಸ್ತಕ ನೋಡಿ ಹೇಳಿದಳು. ಮಣಿಪಾಲದಲ್ಲಿ ಫೋಟೋ ತೆಗೆಯುವವರ ಪ್ರದರ್ಶನವಿತ್ತು. ಕಾರ್ಕಳದಿಂದ ಒಂದೇ ಚಿತ್ರ ಕೇಳಿದ್ದರು, ಒಳ್ಳೆಯದನ್ನು ಆರಿಸಿ ಕಳಿಸುತ್ತೇನೆ ಎಂದು ಧಣಿ ಒಪ್ಪಿಕೊಂಡಿದ್ದರು. ಅದು ನನ್ನದಾಗಬೇಕಿತ್ತು.

ಇಬ್ಬರೂ ಒಂದೇ ಬಸ್ಸಿನಲ್ಲಿ ಕಾಪುವಿನ ಕಡಲ ತೀರಕ್ಕೆ ಹೋದೆವು. ರಾತ್ರಿ ಎರ್ಮಾಳಿನ ನನ್ನ ತಮ್ಮನ ಮನೆಯಲ್ಲಿ ಉಳಿಯುವುದೆಂದು ಮಾತಾಗಿತ್ತು. ಬೆಳಕಿರುವಾಗಲೇ ನಾನು ಹೊಸ ರೀಲು ಹಾಕಿ, ದಡಕ್ಕೆ ಎಳೆದಿಟ್ಟ ಒಂದು ದೋಣಿಯ ಚಿತ್ರ ತೆಗೆದೆ.

"ಅಕ್ಕಾರ, ದೋಣಿ ಯಾಕ ತಗದ್ರಿ?"

"ಸುಮ್ಮನೆ. ಚಂದ ಉಂಟಲ್ವಾ?"

"ದೋಣಿ ನಾಳೆನೂ ಇರತೈತ್ರಿ. ರೀಲು ದಂಡ ಮಾಡಿದ್ರಲ್ಲ!"

ಅವಳು ನಕ್ಕಳು. ನಾನೂ ನಕ್ಕೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಪೂರ್ತಿ ಕತ್ತಲಾದ ಮೇಲೆ ಅವಳು ಹೊಸ ರೀಲು ಹಾಕಿ, ದೀಪಸ್ತಂಭದ ತಲೆಯ ಮೇಲೆ ಬಾಲದ ನಕ್ಷತ್ರ ಬರುವ ಹಾಗೆ ಐದು ಚಿತ್ರ ತೆಗೆದಳು. ಪಕ್ಕದಲ್ಲೇ ಮರಳಿನಲ್ಲಿ ಸ್ಟ್ಯಾಂಡ್ ಊರಿ ನಾನೂ ತೆಗೆದೆ. ಗಾಳಿ ಜೋರಿತ್ತು.

ಎರಡೂ ರೀಲು ಉಡುಪಿಗೆ ಹೋಗಿ ಬಂದವು. ಲಕೋಟೆ ಬಿಡಿಸಿದ್ದು ನಾನೇ. ಅವಳ ನಾಲ್ಕು ಚಿತ್ರ ಗಾಳಿಗೆ ಅಲುಗಿದ್ದವು. ಒಂದು ಸರಿಯಾಗಿ ಬಂದಿತ್ತು, ಕತ್ತರಿ ಹೋದದ್ದು ಅದರ ಮೇಲೆಯೇ. ಎರಡು ತುಂಡನ್ನೂ ಬೆಳಕಿಗೆ ಹಿಡಿದು ಜೋಡಿಸಿ ನೋಡಿದೆ. ನನ್ನದಕ್ಕಿಂತ ಚೆನ್ನಾಗಿತ್ತು. ತುಂಡಾದ ಮೇಲೂ ಚೆನ್ನಾಗಿತ್ತು, ಅದೇ ನನಗೆ ಸಂಕಟ.

ಅವಳು ಸಂಜೆ ಬಂದಾಗ ಧಣಿ ಕೇಳಿದರು, "ಹಗಲಿನದ್ದು ಒಂದು ತೆಗೀಲಿಲ್ವಾ ಟೀಚರೇ? ಇವಳಿಗೆ ಗೊತ್ತುಂಟಲ್ಲ. ಹೇಳಲಿಲ್ವಾ?"

ಟೀಚರು ನನ್ನನ್ನು ನೋಡಿದಳು. "ದೋಣಿ..." ಎಂದಳು, ಅಷ್ಟೆ. ನಾನು ಗಾಜು ಒರೆಸುತ್ತಲೇ ಇದ್ದೆ.

ಮಣಿಪಾಲದ ಗೋಡೆಗೆ ನನ್ನ ಚಿತ್ರ ಏರಿತು. ಯಾರ್ಯಾರೋ ಬಂದು ಭಾರೀ ಲಾಯ್ಕ್ ಎಂದರು. ಎರಡನೆಯ ದಿನ ಟೀಚರು ಬಂದಳು. ಜಗಳಕ್ಕೆ ಬಂದಿದ್ದಾಳೆಂದು ನಾನು ಸೆರಗು ಬಿಗಿದು ನಿಂತೆ. ಅವಳು ಚಿತ್ರದ ಮುಂದೆ ತುಂಬಾ ಹೊತ್ತು ನಿಂತಳು.

"ಅಕ್ಕಾರ, ದೀಪದ ಕಂಬ ವಾಲೇತಲ್ರೀ."

ನೋಡಿದೆ. ವಾಲಿತ್ತು. ಸಮುದ್ರವೂ ಒಂದು ಬದಿಗೆ ಇಳಿದಿತ್ತು. ಸ್ಟ್ಯಾಂಡಿನ ಒಂದು ಕಾಲು ಮರಳಿನಲ್ಲಿ ಹೂತಿರಬೇಕು. ಅವಳದ್ದರಲ್ಲಿ ನೆಟ್ಟಗಿತ್ತು.

ಮರುವರ್ಷ ಅವಳಿಗೆ ವರ್ಗವಾಯಿತು. ಹೇಳಿ ಹೋಗಲಿಲ್ಲ, ಹೇಳುವುದಕ್ಕೆ ಎಂತ ಉಂಟು? ಆ ಫೋಟೋ ಈಗ ನನ್ನ ಚಾವಡಿಯ ಗೋಡೆಯಲ್ಲಿದೆ. ಕಂಬ ನೆಟ್ಟಗೆ ಕಾಣಲೆಂದು ಫ್ರೇಮನ್ನೇ ಓರೆಯಾಗಿ ತೂಗುಹಾಕಿದ್ದೇನೆ. ಬಂದವರೆಲ್ಲ ಅದನ್ನು ಸರಿ ಮಾಡಲು ಕೈ ಚಾಚುತ್ತಾರೆ. ಮುಟ್ಟಬೇಡಿ ಎಂದು ಗದರುತ್ತೇನೆ.