ಮೇಜರ್ ಟೇಟರ ಮಖಮಲ್ ಟೋಪಿ

ಮೇಜರ್ ನೀನಿಯನ್ ಟೇಟರ ಮೂಗು ಎಡಕ್ಕೆ ವಾಲಿತ್ತು, ಬಲಗಿವಿಯ ತುದಿ ಇರಲಿಲ್ಲ. ಕಿವಿ ಹೋದದ್ದು ಈಜಿಪ್ಟಿನ ಯುದ್ಧದಲ್ಲಿ. ಅದರ ಸುದ್ದಿಯನ್ನೇ ಅವರು ಎತ್ತುತ್ತಿರಲಿಲ್ಲ. ಮೂಗು ಮುರಿದದ್ದು ಸ್ಕಾಟ್ಲೆಂಡಿನ ಪರವಾಗಿ ಇಂಗ್ಲೆಂಡಿನ ಮೇಲೆ ರಗ್ಬಿ ಆಡುವಾಗ. ಅದನ್ನು ನಮ್ಮೂರು ಜೆಡ್‌ಬರ್ಗಿನ ಕಟುಕನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಹೇಳಿದ್ದರು. ನನ್ನ ಯಜಮಾನ ಡ್ಯಾಂಡ್ ದಂಡಿನಲ್ಲಿದ್ದಾಗಿನಿಂದಲೂ ಅವರ ಆಳು. ಮದುವೆಯಾಗಿ ಬಂದ ನಾನು ಅವರ ಮನೆಯ ಅಡುಗೆಗೆ ನಿಂತೆ.

ಆ ಆಟದಲ್ಲಿ ಮೇಜರ್ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರಂತೆ, ಹಾಗೆ ಒತ್ತಿದರೆ ಗೆದ್ದಂತೆ. ಇಂಗ್ಲೆಂಡಿನ ಫ್ಯಾನ್‌ಶಾ, ಅವರೂ ದಂಡಿನವರೇ, ಚೆಂಡು ನೆಲ ಮುಟ್ಟಲೇ ಇಲ್ಲ, ಕೆಳಗೆ ತನ್ನ ಕೈಯಿತ್ತು ಎಂದರಂತೆ. ಆ ಕಾಲದಲ್ಲಿ ಇಂಥ ಜಗಳವನ್ನು ಎರಡೂ ಕಡೆಯ ನಾಯಕರು ಮಾತಾಡಿಯೇ ಬಗೆಹರಿಸಬೇಕಿತ್ತು. ಅವರು ಮಾತಾಡುತ್ತಲೇ ಇದ್ದರು, ನೋಡಲು ಬಂದ ಜನ ಊಟಕ್ಕೆ ಹೋದರು, ಕತ್ತಲಾಯಿತು.

ಆಮೇಲೆ ಮೇಜರ್ ಮನಸ್ಸಿಟ್ಟದ್ದು ಆ ಫ್ಯಾನ್‌ಶಾರ ತಂಗಿ ಹ್ಯಾರಿಯೆಟ್ ಮೇಲೆಯೇ. “ಅವತ್ತು ನಿಂದು ತಪ್ಪು ಅಂತ ಒಪ್ಕೋ, ಮದುವೆ ಮಾಡಿಕೊಡ್ತೀನಿ” ಎಂದರು ಅಣ್ಣ. “ನಾನು ಸುಳ್ಳು ಹೇಳಲ್ಲ” ಎಂದರು ಇವರು. ಹೀಗೆ ಎಂಟು ವರ್ಷ ಕಳೆಯಿತು. ಕೊನೆಗೆ ಫ್ಯಾನ್‌ಶಾರಿಗೆ ಕೆನಡಾಕ್ಕೆ ವರ್ಗವಾಯಿತು. ತಂಗಿಯನ್ನೂ ಕರೆದುಕೊಂಡು ಹಡಗು ಹತ್ತುವ ಮುಂಚೆ ಒಂದು ಗುರುವಾರ ಅಣ್ಣತಂಗಿ ಟೀಗೆ ಬಂದರು.

“ಎಫೀ, ಇಂಗ್ಲಿಷಿನೋರಿಗೆ ಆರಿದ ಟೀ ಆಗಲ್ಲ ಕಣೆ. ಇವತ್ತು ಕೆಟ್ರೆ ಸಾಹೇಬ್ರು ಜನ್ಮವಿಡೀ ನಮ್ಮಿಬ್ರ ಮುಖಾನೇ ನೋಡ್ಕೊಂಡಿರ್ಬೇಕು” ಎಂದ ಡ್ಯಾಂಡ್.

ಟೀ ಆರದಂತೆ ಪಾತ್ರೆಗೆ ಹಾಕುವ ಉಣ್ಣೆಯ ಮುಚ್ಚಿಗೆಯನ್ನು ನಾನು ಬೆಳಿಗ್ಗೆಯೇ ಒಲೆಯ ಮೇಲಿಟ್ಟು ಸುಟ್ಟಿದ್ದೆ. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಮಖಮಲ್ಲಿನದೊಂದು ಕಾಣಿಸಿತು. ಬೆಳ್ಳಿ ದಾರದ ಮುಳ್ಳುಹೂವು, ತುದಿಗೆ ಗೊಂಡೆ. ಅಷ್ಟು ಜೋಪಾನ ಮಾಡಿದ್ದಾರಲ್ಲ, ನೆಂಟರು ಬಂದಾಗ ತೆಗೆಯುವ ಒಳ್ಳೆಯ ಮುಚ್ಚಿಗೆಯೇ ಇರಬೇಕು ಎಂದುಕೊಂಡೆ. ಪಾತ್ರೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ತಟ್ಟೆ ಇಳಿಸಿದೆ. ಮೇಜರ್ ಕುತ್ತಿಗೆ ಕೆಂಪಾಯಿತು. ದೇಶಕ್ಕೆ ಆಡಿದವರಿಗೆ ಕೊಡುವ ಟೋಪಿ ಅದು ಎಂದು ನನಗೇನು ಗೊತ್ತು.

ಫ್ಯಾನ್‌ಶಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಟೇಟ್, ನಿನ್ನ ತಲೆಗಿಂತ ಇದಕ್ಕೇ ಚೆನ್ನಾಗಿ ಒಪ್ಪುತ್ತಲ್ಲಯ್ಯ.”

ಮೇಜರ್ ಟೋಪಿಗೆ ಕೈ ಹಾಕಿದರು. ಹ್ಯಾರಿಯೆಟಮ್ಮನವರು ಅದರ ಮೇಲೆ ತಮ್ಮ ಕೈಯಿಟ್ಟರು.

“ಟೀ ಬಿಸಿಯಾಗಿದೆ, ಇರ್ಲಿ ಬಿಡಿ. ಅದನ್ನ ತೆಗೆದ್ರೆ ನಾನು ಎದ್ದು ಹೋಗ್ತೀನಿ, ಹೋದ್ರೆ ಕೆನಡಾಕ್ಕೇ. ಹಟ ಬೇಕೋ, ನಾನು ಬೇಕೋ, ಈಗಲೇ ಹೇಳಿ.”

ಮೇಜರ್ ಟೋಪಿ ನೋಡಿದರು, ಅಮ್ಮನವರನ್ನು ನೋಡಿದರು, ನಿಧಾನಕ್ಕೆ ಕೈ ಹಿಂದೆಗೆದರು.

“ಫ್ಯಾನ್‌ಶಾ, ನಿಜ ಹೇಳ್ಲಾ? ಕಣ್ತುಂಬ ಕೆಸರಿತ್ತು. ಅಲ್ಲಿದ್ದಿದ್ದು ನೆಲಾನೋ ನಿನ್ನ ಕೈಯೋ, ನಂಗೆ ಕಾಣಲೇ ಇಲ್ಲ.”

ಫ್ಯಾನ್‌ಶಾ ನಗು ನಿಂತಿತು. ಖಾಲಿ ಬಟ್ಟಲನ್ನು ಟೀ ಪಾತ್ರೆಯ ಕಡೆಗೆ ಸರಿಸಿದರು.

“ನಂಗೂ ಕಾಣಲಿಲ್ಲ ಕಣಯ್ಯ” ಎಂದರು.

“ಇಷ್ಟಕ್ಕೆ ಎಂಟು ವರ್ಷ” ಎಂದು ಅಮ್ಮನವರು ಟೋಪಿ ಎತ್ತಿ ಮೂವರಿಗೂ ಟೀ ಬಗ್ಗಿಸಿದರು.

ಹಡಗು ಹೊರಡುವುದರೊಳಗೆ ಮದುವೆಯಾಯಿತು. ಟೋಪಿ ಮತ್ತೆ ಗಾಜಿನ ಪೆಟ್ಟಿಗೆಗೆ ಹೋಗಲಿಲ್ಲ. ಮೇಜರ್ ಇರುವತನಕ ಗುರುವಾರದ ಟೀಗೆ ಅದೇ ಮುಚ್ಚಿಗೆ. ಗೊಂಡೆಯನ್ನು ಎರಡು ಸಲ ನಾನೇ ಹೊಲಿದುಕೊಟ್ಟಿದ್ದೇನೆ.